ಏಳು ಸಲ ಒತ್ತಿದರೆ ಚಂದನ

ಮೊರದ ಆ ಕಡೆ ಅತ್ತೆ, ಈ ಕಡೆ ಸೊಸೆ. ನಡುವೆ ಹುಣಸೆಹಣ್ಣಿನ ಗುಡ್ಡೆ. ದೇವಿಕಾ ಹಣ್ಣು ಸೀಳಿ ಕೊಡುತ್ತಿದ್ದಳು, ಕೊಟ್ರಬಸಮ್ಮ ಬೆರಳಿನಿಂದ ತಡವಿ ಬೀಜ ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಬೀಜ ಬಿದ್ದಾಗಿನ ಟಣ್ ಅನ್ನುವ ಸದ್ದು ಬಿಟ್ಟರೆ ಮನೆಯಲ್ಲಿ ಮಾತೇ ಇಲ್ಲ. ಮೂರು ವಾರದ ಹಿಂದಾಗಿದ್ದರೆ ಈ ಹೊತ್ತಿಗೆ ಪಡಸಾಲೆಯ ಟೀವಿಯಲ್ಲಿ ಚಂದನದ ಹಾಡು ಬರುತ್ತಿತ್ತು, ಅದರ ಹಿಂದೆ ಅತ್ತೆಯ ಒಡಕು ದನಿಯೂ ಸೇರುತ್ತಿತ್ತು. ಈಗ ಟೀವಿಗೆ ಟವೆಲ್ ಹೊದಿಸಿತ್ತು.

ಯಾಕೆ ಹೊದಿಸಿತ್ತು ಅನ್ನುವುದು ದೇವಿಕಾ ಒಬ್ಬಳಿಗೇ ಗೊತ್ತಿತ್ತು.

ಕೊಟ್ರಬಸಮ್ಮನ ಕಣ್ಣನ್ನು ಸಕ್ಕರೆ ಕಾಯಿಲೆ ತಿಂದು ನಾಲ್ಕು ವರ್ಷವಾಗಿತ್ತು. ಹಾಗಂತ ಆಕೆ ಮೂಲೆ ಹಿಡಿದವಳಲ್ಲ. ಮಲಪನಗುಡಿಯ ಆ ಓಣಿಯನ್ನೆಲ್ಲ ಎಣಿಕೆಯ ಮೇಲೆ ನಡೆಯುತ್ತಿದ್ದಳು. ಹೊಸ್ತಿಲಿಂದ ಬೇವಿನ ಮರಕ್ಕೆ ಅರವತ್ತೆರಡು ಹೆಜ್ಜೆ, ಅಲ್ಲಿ ಎಡಕ್ಕೆ ಹೊರಳಿದರೆ ಮೂವತ್ತಕ್ಕೆ ಬಸವಣ್ಣನ ಗುಡಿ. ಹಿತ್ತಲಿಗೆ ಹದಿನೆಂಟು. ಟೀವಿಗೂ ಲೆಕ್ಕ ಇತ್ತು. ಮಗ ತಿಪ್ಪೇಶ್ ಸುತ್ತಲ ಊರುಗಳಲ್ಲಿ ಫ್ರೀ ಡಿಶ್ ಕೂಡಿಸುವವನು. ಟೀವಿ ಹಚ್ಚಿದ ಕೂಡಲೇ ಒಂದೇ ಜಾಗದಿಂದ ಸುರುವಾಗುವಂತೆ ಮಾಡಿ, ರಿಮೋಟಿನಲ್ಲಿ ಚಾನೆಲ್ ಮುಂದಕ್ಕೆ ಹೋಗುವ ಬಟನ್ನಿಗೆ ಅಂಟಿನ ಒಂದು ಹನಿ ಹಾಕಿ ಒಣಗಿಸಿಕೊಟ್ಟಿದ್ದ. ಆ ಗಂಟು ಬೆರಳಿಗೆ ಸಿಕ್ಕರೆ ಸಾಕು, ಏಳು ಸಲ ಒತ್ತಿದರೆ ಚಂದನ.

ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಗಾಳಿ ಎದ್ದು ಟೀವಿ ಕಪ್ಪಾಯಿತು. ಅತ್ತೆ ಮಲಗಿದ್ದಳು. ದೇವಿಕಾ ಏನೇನೋ ಒತ್ತಿದಳು. ಒಂದರ ಹಿಂದೊಂದು ಇಂಗ್ಲಿಷಿನ ಸಾಲು ಬಂದವು. ಕಡೆಗೆ ಉದ್ದನೆಯದೊಂದು ಪ್ರಶ್ನೆ ನಿಂತಿತು. ಅದರಲ್ಲಿ ಅವಳಿಗೆ ಓದಲು ಬಂದದ್ದು ಕೆಳಗಿನ 'ಯೆಸ್' ಒಂದೇ. ಯೆಸ್ ಅಂದರೆ ಹೂಂ. ತವರಾದ ಕಂಪ್ಲಿಯಲ್ಲಿ ತನ್ನನ್ನು ನೋಡಲು ಬಂದವರಿಗೆ ಸೋದರಮಾವ "ಹುಡುಗಿ ಎಸ್ಸೆಲ್ಸಿ ಪಾಸ್" ಅಂದಾಗಲೂ ಅವಳು ತಲೆ ತಗ್ಗಿಸಿ ಹೂಂ ಅಂದಿದ್ದಳು. ಇಲ್ಲಿಯೂ ಒತ್ತಿದಳು. ಹಳೆಯ ಚಾನೆಲ್ಲುಗಳೆಲ್ಲ ಅಳಿಸಿಹೋಗಿ ಹೊಸ ಸಾಲಿನಲ್ಲಿ ಬಂದು ಕೂತವು. ಚಂದನ ಎಲ್ಲೋ ನಲವತ್ತರ ಆಚೆ ಹೋಗಿತ್ತು.

ಮರುದಿನ ಬೆಳಿಗ್ಗೆ ಕೊಟ್ರಬಸಮ್ಮ ಏಳು ಸಲ ಒತ್ತಿದಳು. ಯಾರೋ ಹಿಂದಿಯಲ್ಲಿ ಎಣ್ಣೆ ಮಾರುತ್ತಿದ್ದರು. ಮತ್ತೆ ಆರಿಸಿ, ಹಚ್ಚಿ, ಒತ್ತಿದಳು. ಅದೇ ಎಣ್ಣೆ.

"ದೇವೀ, ಏಳು ಒತ್ತೀನಲ್ಲ? ಇದೇನಿದು?"

"ಎಣಿಕಿ ತಪ್ಪಿರಬೇಕು ನೋಡ್ರಿ ಅತ್ತಿ" ಅಂದುಬಿಟ್ಟಳು ದೇವಿಕಾ.

ಬಾಯಿಂದ ಜಾರಿದ ಮಾತು. ಆ ಗಳಿಗೆಯಲ್ಲೇ ಎತ್ತಿಕೊಂಡಿದ್ದರೆ ಮುಗಿಯುತ್ತಿತ್ತು, ಎತ್ತಿಕೊಳ್ಳಲಿಲ್ಲ. ದಿನಾ ತಾನೇ ಹುಡುಕಿ ಹಚ್ಚಿಕೊಟ್ಟಳು. ಐದನೇ ದಿನ ಅತ್ತೆ "ಬ್ಯಾಡ ಬಿಡು, ಟೀವಿ ಸಾಕಾಗೇತಿ" ಅಂದಳು. ಅದರ ಮಾರನೆಯ ದಿನದಿಂದ ಗುಡಿಗೂ ಹೋಗಲಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಅಂದಳು. ತಿಪ್ಪೇಶ್ ಬೆಳಿಗ್ಗೆ ಹೋದವನು ಸಂಜೆ ಬಂದು ಉಂಡು ಮಲಗುವವನು, ಅವನಿಗೆ ಇದ್ಯಾವುದೂ ತಿಳಿಯಲಿಲ್ಲ.

ಈಗ ಅವನೇ ಕೈಯಲ್ಲೊಂದು ಹಾಳೆ ಹಿಡಿದು ಒಳಗೆ ಬಂದ.

"ದೇವಿಕಾ, ಕೈ ತೊಳಕೊಂಡು ಪೆನ್ ತಗೋ. ಹೊಸಪ್ಯಾಟಿಗೆ ಡಿಶ್ ಬಾಕ್ಸ್ ತಯಾರು ಮಾಡೋರು ಬಂದಾರ. ಫಿಟ್ಟರುಗಳಿಗೆಲ್ಲ ಹಾಳಿ ಕೊಟ್ಟಾರ, ನಿಮ್ಮ ಪ್ರಕಾರ ಬಾಕ್ಸ್ ಹೆಂಗಿರಬೇಕು ಬರ್ಕೊಡ್ರಿ ಅಂತ. ನನ್ನ ಅಕ್ಷರ ನನಗ ತಿಳಿಯಂಗಿಲ್ಲ. ನೀ ಓದಿದಾಕಿ, ಚಂದ ಬರೀತಿ."

ಓದಿದಾಕಿ ಅಂದಾಗ ದೇವಿಕಾಳ ಕಿವಿ ಬಿಸಿಯಾದವು. ಕೈ ತೊಳೆದು ಬಂದು ಕೂತಳು.

"ಇಂಗ್ಲಿಷ್‌ನಾಗ ಬರೀಲೇನ್ರಿ?" ಎಂದು ಅಂಜುತ್ತ ಕೇಳಿದಳು.

"ಬ್ಯಾಡ ಬ್ಯಾಡ, ಕನ್ನಡದಾಗ ಬರಿ. ಒಂದು. ಸಿಗ್ನಲ್ ಬಂದ್ರ ಬಾಕ್ಸ್ ಜೋರಾಗಿ ಕೂಗಬೇಕು. ಮಾಳಿಗಿ ಮ್ಯಾಲೆ ನಾ ಡಿಶ್ಶಿನ ಛತ್ರಿ ತಿರುವೋದು, ಕೆಳಗ ಮತ್ತೊಬ್ರು ನೋಡಿ ಹೇಳೋದು, ಸಾಕಾಗೇತಿ. ಸಂಡೂರಾಗ ಒಬ್ಬ ಮುದುಕಪ್ಪನ್ನ ಟೀವಿ ಮುಂದ ಕುಂದ್ರಿಸಿ ಹೋಗೀನಿ. ಬಂತೇನ್ರಿ, ಬಂತೇನ್ರಿ ಅಂತ ಬಿಸಲಾಗ ಅರ್ಧ ತಾಸು ಒದರೀನಿ. ಇಳದು ನೋಡಿದ್ರ ಗೊರಕಿ ಹೊಡ್ಯಾಕ ಹತ್ಯಾನ!"

ಕೊಟ್ರಬಸಮ್ಮ ನಕ್ಕಳು. ಎಷ್ಟೋ ದಿನದ ಮೇಲೆ.

"ಎರಡು. ಸಂಡೂರಿನ ಕೆಂಪು ಧೂಳು ಒಳಗ ಹೋಗಬಾರದು. ಮೂರು. ಛತ್ರಿ ಅಲುಗಾಡಿದ್ರ ಬಾಕ್ಸೇ ಹೇಳಬೇಕು. ಹಂಪ್ಯಾಗ ಮಂಗ್ಯಾ ಅದರ ಮ್ಯಾಲೆ ಕುಂತು ಹೇನು ನೋಡ್ಕೋತಾವ, ಜನ ನನ್ನ ಬೈತಾರ. ನಾಕು. ಕರೆಂಟ್ ಹೋದ್ರ ಲಾರಿ ಬ್ಯಾಟ್ರಿ ಮ್ಯಾಲೂ ನಡೀಬೇಕು. ಮರಿಯಮ್ಮನಹಳ್ಳಿ ಡ್ರೈವರುಗಳು ದಿನಾ ಕೇಳ್ತಾರ. ಐದು, ಇದು ಮುಖ್ಯ. ಹೊಸಾ ಚಾನೆಲ್ ಹುಡುಕಿದ್ರ ಹಳೇವು ಅಳಸಿ ಹೋಗಬಾರದು. ಓದಲಾರದ ಮಂದಿ ಸುಮ್ನ ಯೆಸ್ ಒತ್ತಿಬಿಡ್ತಾರ, ಆಮ್ಯಾಲೆ ನಾ ಏನೂ ಮುಟ್ಟಿಲ್ಲ ಅಂತ ಬಸವಣ್ಣನ ಮ್ಯಾಲೆ ಆಣಿ ಮಾಡ್ತಾರ!"

ಅವನು ನಗುತ್ತಿದ್ದ. ದೇವಿಕಾ ಐದನೆಯದನ್ನು ಬರೆದಳು. ಅದರ ಕೆಳಗೆ, ಅವನು ಹೇಳದೆಯೇ, ಆರು ಅಂತ ಹಾಕಿ 'ಬಾಕ್ಸಿನ ಒಳಗಿನ ಬರಹ ಕನ್ನಡದಲ್ಲಿ ಇರಬೇಕು' ಎಂದೂ ಬರೆದಳು.

"ಅವ್ವಾ, ನಿನಗೇನು ಬೇಕು ಹೇಳು. ನಿನ್ನದೊಂದು ಇರ್ಲಿ."

ಕೊಟ್ರಬಸಮ್ಮ ಬೀಜವೊಂದನ್ನು ಹೆಬ್ಬೆರಳಲ್ಲಿ ಉಜ್ಜುತ್ತ ಕೂತಳು.

"ಚಾನೆಲ್ ಬಂದಾಗ ಅದು ತನ್ನ ಹೆಸರು ತಾನ ಹೇಳಬೇಕಪ. ನಾ ಚಂದನ ಅಂತ. ಹಂಗಾದ್ರ ನನ್ನಂಥೋರು ಎಣಿಸೋದು ತಪ್ಪತೈತಿ."

"ನೀ ಎಣಿಕ್ಯಾಗ ನನಗಿಂತ ಹುಷಾರಲ್ಲಬೇ."

"ಇದ್ನೆಪ. ಈಗಿಲ್ಲ." ದನಿ ಸಣ್ಣದಾಯಿತು. "ಏಳು ಅಂತ ಒತ್ತತೀನಿ, ಏಳು ಆಗಿರಂಗಿಲ್ಲ. ನಮ್ಮಕ್ಕಗ ಹಿಂಗ ಸುರು ಆತು. ಮೊದಲು ಎಣಿಕಿ ಹೋತು, ಆಮ್ಯಾಲೆ ಹೆಸರು, ಕಡೀಕ ಹೆತ್ತ ಮಕ್ಕಳನ್ನ ಯಾರು ಅಂತ ಕೇಳತಿದ್ಲು. ಗುಡಿಗೆ ಹೋಗೂದು ಬಿಟ್ಟಿದ್ದು ಮೊಣಕಾಲ ನೋವಿಗಲ್ಲ. ಹೆಜ್ಜಿ ತಪ್ಪಿ ಹಳೇ ಬಾವಿ ಕಡೆ ಹೋದ್ರ ಅಂತ ಅಂಜಿಕಿ. ನಿಮಗ ಹೇಳಾಕ ನಾಚಿಕಿ ಆತು."

ತಿಪ್ಪೇಶ್ ನಗು ನಿಲ್ಲಿಸಿದ. ತಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಸೋಮವಾರ ಬಳ್ಳಾರಿಗೆ ಹೋಗೂಣು. ತಲಿ ಡಾಕ್ಟರಿಗೆ ತೋರಸ್ತೀನಿ" ಅಂದ.

ದೇವಿಕಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾಚಿಕೆ ಪಡಬೇಕಾದವಳು ತಾನು. ಅದನ್ನು ಈ ಮುದುಕಿ ಮೂರು ವಾರ ತನ್ನ ತಲೆಯ ಮೇಲೆ ಹೊತ್ತಿದ್ದಳು.

"ಎಣಿಕಿ ತಪ್ಪಿಲ್ರಿ ಅತ್ತಿ" ಅಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಳು. "ನಿಮ್ಮ ಎಣಿಕಿ ಸರಿ ಐತಿ. ನಾನ ಏನೋ ಒತ್ತಿ ಎಲ್ಲಾ ಅಳಿಸೀನಿ. ಚಂದನ ಈಗ ಏಳು ಒತ್ತಿದ್ರ ಬರಂಗಿಲ್ಲ."

ತಿಪ್ಪೇಶ್ ತಿರುಗಿ ನೋಡಿದ. "ಅಳಸಿ ಹೋಗ್ತೈತಿ ಅಂತ ಅಷ್ಟುದ್ದ ಬರದಿರ್ತೈತಿ. ಎಸ್ಸೆಲ್ಸಿ ಪಾಸಾದಾಕಿಗೆ ಅಷ್ಟು ಓದಾಕ ಬರಂಗಿಲ್ಲೇನು?"

"ಎಸ್ಸೆಲ್ಸಿ ಅಲ್ರಿ. ಆರನೇ ಕ್ಲಾಸಿಗೆ ಸಾಲಿ ಬಿಡಿಸಿದ್ರು. ಅವ್ವ ಗದ್ದಿಗೆ ನಾಟಿ ಹಚ್ಚಾಕ ಹೋಗತಿದ್ಲು, ತಂಗೀನ ಹಿಡಕೊಳ್ಳೋರು ಇರಲಿಲ್ಲ."

ಅವನು ಎದ್ದು ಹೋಗಿ ಟವೆಲ್ ಎಳೆದು ಬದಿಗೆ ಹಾಕಿ, ಟೀವಿ ಹಚ್ಚಿದ. ಬಹಳ ಹೊತ್ತು ಏನೇನೋ ಒತ್ತಿದ. ಕಡೆಗೆ ಚಂದನದ ದನಿ ಬಂತು. ಅದನ್ನು ಮತ್ತೆ ಏಳು ಒತ್ತಿದರೆ ಬರುವಂತೆ ಕೂಡಿಸಿ, ಟೀವಿ ಆರಿಸಿ, ರಿಮೋಟನ್ನು ನೆಲದ ಮೇಲಿಟ್ಟ. ಹಾಳೆ ಎತ್ತಿಕೊಂಡು ಓದಿದ. ಆರನೆಯ ಸಾಲಿಗೆ ಬಂದಾಗ ಅವನ ಕಣ್ಣು ಅಲ್ಲೇ ನಿಂತದ್ದು ದೇವಿಕಾಗೆ ಕಂಡಿತು. ಮಡಚಿ ಜೇಬಿಗಿಟ್ಟುಕೊಂಡ. ಹೊರಗೆ ಬೈಕ್ ಸುರುವಾಯಿತು.

ಕೊಟ್ರಬಸಮ್ಮ ಕೇಳಿದ್ದು ಒಂದೇ ಮಾತು. "ನಾ ನಿನ್ನ ಕೇಳಿದ್ನಲ್ಲ ದೇವೀ. ಅವತ್ತ ಕೇಳಿದ್ನಲ್ಲ?"

"ಹೂಂ ರಿ."

ಆಮೇಲೆ ಆಕೆ ಗುಡ್ಡೆಯಿಂದ ತಾನೇ ಒಂದು ಹಣ್ಣು ತಡವಿ ತೆಗೆದುಕೊಂಡಳು. ಸೀಳಿ ಕೊಡಲು ಸೊಸೆ ಚಾಚಿದ ಕೈ ಹಾಗೇ ನಿಂತಿತು. ಕತ್ತಿ ಇಲ್ಲದೆ ಉಗುರಿನಿಂದಲೇ ಸೀಳಿ ಬೀಜ ತೆಗೆದಳು. ತಟ್ಟೆಯಲ್ಲಿ ಟಣ್ ಅಂತು.

ದೇವಿಕಾ ರಿಮೋಟನ್ನು ಸೆರಗಿನಿಂದ ಒರೆಸಿ ಅತ್ತೆಯ ಮೊಣಕಾಲಿನ ಹತ್ತಿರ, ಅಂಟಿನ ಗಂಟು ಮೇಲೆ ಬರುವಂತೆ ಇಟ್ಟಳು. ಟೀವಿ ಹಚ್ಚಿದಳು. ಸುರುವಿನ ಚಾನೆಲ್ಲಿನಲ್ಲಿ ಯಾರೋ ಹಿಂದಿಯಲ್ಲಿ ಮಾತಾಡತೊಡಗಿದರು. ಇನ್ನೊಂದು ಬೀಜ ಬಿತ್ತು. ಮತ್ತೊಂದು.

"ಅತ್ತಿ, ಒಂದು ಸಲ ಎಣಿಸಿ ನೋಡ್ರಿ" ಅಂದಳು ದೇವಿಕಾ.