ಹೆಬ್ಬೆಟ್ಟು ಒತ್ತುವ ಮುಂಚೆ

ಕುಷ್ಟಗಿಯ ನೋಂದಣಿ ಕಚೇರಿಯ ಎದುರಿನ ಬೇವಿನ ಮರದಡಿ ಕೂತು ಮದಾರಸಾಬ ಮೂವತ್ತು ವರ್ಷದಿಂದ ಊರವರ ಕಾಗದಪತ್ರ ಬರೆದುಕೊಡುತ್ತಿದ್ದ. ಅಂದು ಮಗಳು ನಾಹೀದಾಳೂ ಒಂದು ಕಾಗದ ಹಿಡಿದು ಬಂದಿದ್ದಳು. ಅದು ಕಾನೂನು ಕಾಲೇಜು ಬಿಡುವ ಅರ್ಜಿ. ಅಪ್ಪನ ಸಹಿಯೊಂದೇ ಬಾಕಿ. ಕುಟುಂಬ ಕಾಯ್ದೆಯ ಪರೀಕ್ಷೆಯಲ್ಲಿ ಎರಡನೇ ಸಲ ಮಣ್ಣು ಮುಕ್ಕಿದ ಮೇಲೆ ಆ ದಪ್ಪ ಪುಸ್ತಕಗಳನ್ನು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಕಲಂಗಳನ್ನು ಉರು ಹೊಡೆದು ಯಾರನ್ನು ಉದ್ಧಾರ ಮಾಡುವುದಿದೆ!

"ತಡಿ ಬೇಟಿ, ಈ ಗಿರಾಕಿ ಮುಗೀಲಿ. ನನ್ನ ಗಂಟಲ ಕಟ್ಟೈತಿ, ಇದನ್ನ ನೀನ ಓದಿ ಹೇಳು," ಎಂದ ಮದಾರಸಾಬ.

ಗಿರಾಕಿ ಎಂದರೆ ಹನುಮಸಾಗರದ ಹುಲಿಗವ್ವ. ಬೆಳಿಗ್ಗೆಯಷ್ಟೇ ತಮ್ಮ ದುರುಗೇಶ ಹೊಸ ಸೀರೆ ಉಡಿಸಿ, ಅಕ್ಕಿ ಕೊಬ್ಬರಿಯಿಂದ ಉಡಿ ತುಂಬಿ ಕರೆತಂದಿದ್ದ. ಹೆಬ್ಬೆಟ್ಟು ಒತ್ತಿಸುವ ಮುಂಚೆ ಪತ್ರ ಓದಿ ಹೇಳುವುದು ಮದಾರಸಾಬನ ರೂಢಿ. ಕೇಳಿದವರಿಗೆ ತಿಳಿಯಿತೋ ಇಲ್ಲವೋ ಎಂದು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ವಿಚಾರಿಸಿದವನಲ್ಲ.

ನಾಹೀದಾ ಓದಿದಳು. "ಪಿತ್ರಾರ್ಜಿತ ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕುಗಳನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ..." ಪುರಾಣ ಕೇಳುವವಳಂತೆ ತಲೆದೂಗಿದ ಹುಲಿಗವ್ವ ಮಸಿಯ ಡಬ್ಬಿಗೆ ಹೆಬ್ಬೆರಳು ಚಾಚಿದಳು.

ನಾಹೀದಾ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು. "ಅವ್ವಾ, ಇದು ಏನ್ ಕಾಗದ ಗೊತ್ತೈತೇನ್ರಿ?"

"ಗೊತ್ತೈತವ್ವಾ. ಅಪ್ಪನ ಹೊಲಕ್ಕ ನಮ್ಮಿಬ್ಬರ ಹೆಸರು ಹಚ್ಚಾಕ."

"ಅಲ್ರಿ. ಇದಕ್ಕ ಹೆಬ್ಬಟ್ಟ ಒತ್ತಿದ್ರ ಹೊಲದಾಗ ನಿಮಗೇನೂ ಉಳಿಯಂಗಿಲ್ಲ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟ ಪಾಲು. ಕಾಯ್ದೆ ಹಂಗ ಹೇಳತೈತಿ."

ಪರೀಕ್ಷೆಯಲ್ಲಿ ಕೇಳಿದ್ದೂ ಇದನ್ನೇ. ಅಲ್ಲಿ ಒಂದಕ್ಷರ ಹೊಳೆದಿರಲಿಲ್ಲ. ಇಲ್ಲಿ ಒಂದೇ ಉಸಿರಿಗೆ ಬಂತು.

ಹುಲಿಗವ್ವ ತಮ್ಮನತ್ತ ತಿರುಗಿದಳು. "ಉಡಿ ತುಂಬಿದ್ದು ಇದಕ್ಕೇನೋ ದುರುಗೇಶ?"

"ಎಲ್ಲಾರೂ ಹಿಂಗ ಮಾಡ್ತಾರಬೇ ಅಕ್ಕಾ," ಎಂದ ಅವನು, ತನ್ನ ಚಪ್ಪಲಿ ನೋಡುತ್ತ.

"ಕೇಳಿದ್ರ ನಾನ ಕೊಡತಿದ್ನೋ ಏನೋ. ಹೇಳದ ಒತ್ತಿಸ್ಕೊಳ್ಳಾಕ ನಿಂತಿದ್ದೆಲ್ಲ! ತಗೋ ನಿನ್ನ ಅಕ್ಕಿ," ಎಂದು ಅವಳು ಸೆರಗಿನ ಗಂಟಿಗೆ ಕೈ ಹಾಕಿದಳು.

ದುರುಗೇಶ ಬಿಳಿಚಿಕೊಂಡ. ತುಂಬಿದ ಉಡಿ ಮರಳಿ ಬಂದರೆ ಅಕ್ಕನಿಗೆ ತವರಿಲ್ಲ, ತಮ್ಮನಿಗೆ ಅಕ್ಕನಿಲ್ಲ. "ಉಡಿ ಬಿಚ್ಚಬ್ಯಾಡಬೇ! ಇಬ್ಬರ ಹೆಸರೂ ಹಚ್ಚೋಣು," ಎಂದು ಅವಳ ಎರಡೂ ಕೈ ಹಿಡಿದುಕೊಂಡ. ಹುಲಿಗವ್ವ ಗಂಟು ಬಿಗಿದುಕೊಂಡು, ಉಸ್ಸೆಂದು ಕಟ್ಟೆಯ ಮೇಲೆ ಕೂತಳು.

ಮದಾರಸಾಬ ಪತ್ರವನ್ನು ಹರಿದು ಹಾಕಿದ. "ಮೂವತ್ತು ವರ್ಷ ಓದೇನಿ. ಒಬ್ಬರಿಗೂ ತಿಳಿಸಿ ಹೇಳಿಲ್ಲ," ಎಂದವನು ಮಗಳತ್ತ ಕೈ ಚಾಚಿದ. "ನಿಂದು ಕೊಡು. ಸಹಿ ಬೇಕಂದಿದ್ದೆಲ್ಲ?"

ನಾಹೀದಾಳಿಗೆ ನಗು ಬಂತು. ತಿಂಗಳುಗಟ್ಟಲೆ ಎದೆ ಮೇಲೆ ಕೂತಿದ್ದ ಭಾರ ಎಲ್ಲಿ ಇಳಿಯಿತೋ, ಎಷ್ಟು ಹಗುರವಾಗಿತ್ತು ಜೀವ! ಅರ್ಜಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಹೊಲಕ್ಕೆ ಇಬ್ಬರ ಹೆಸರೂ ಹಚ್ಚುವ ಅರ್ಜಿಯ ಕರಡು ಬರೆಯಲು ಪೆನ್ನು ತೆಗೆದಳು.

"ಅವ್ವಾ, ನಿಮ್ಮ ಪೂರ್ತಿ ಹೆಸರು ಹೇಳ್ರಿ."