ತೆಗೆಯದೆ ಉಳಿದ ಸಿಂಬಿ

ಸವಾಂಗ್ ಗುರುಗಳು ಕಂಪೊನನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಲಮ್ದುವಾನಳ ಸ್ಕೂಟರು ಅಖಾಡದ ಬಾಗಿಲಲ್ಲಿ ಬಂದು ನಿಂತಿತು. ಅವಳು ಇಳಿಯಲಿಲ್ಲ. ತನ್ನ ನೂಡಲ್ ಅಂಗಡಿಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆ ಹಾಗೆಯೇ ಇತ್ತು.

“ಗುರುಗಳೇ, ಶಿಗೆ ಏಳ್ತಾ ಇಲ್ಲ,” ಎಂದಳು. “ಸಾರಿಗೆ ಮೂಳೆ ಹಾಕೋಕೆ ದಿನಾ ನನಗಿಂತ ಮೊದಲೇ ಏಳೋನು. ಇವತ್ತು ಒಲೆ ತಣ್ಣಗಿತ್ತು. ಹೋಗಿ ಮುಟ್ಟಿದೆ. ಅವನೂ ತಣ್ಣಗಿದ್ದ.”

ಗುರುಗಳ ಕೈ ಮೊಣಕಾಲಿನ ಮೇಲೆ ಇನ್ನೆರಡು ಸಲ ಆಡಿ ನಿಂತಿತು. ಎಪ್ಪತ್ತನಾಲ್ಕು ವರ್ಷದ ಆ ಮುದುಕರ ಮನಸ್ಸಿಗೆ ಮೊದಲು ಬಂದದ್ದು ಸಾವಲ್ಲ, ಒಂದು ಮಾತು. ‘ನನ್ನ ಮೇಲೆ ಸಿಟ್ಟಿದೆಯೇನಪ್ಪ?’ ಎಂದು ಹನ್ನೊಂದು ವರ್ಷದಿಂದ ಶಿಗೆಕಿಯನ್ನು ಕೇಳಬೇಕೆಂದಿದ್ದರು. ನಾಳೆ ಕೇಳಿದರಾಯಿತು ಎಂದು ಮುಂದೂಡಿದ್ದರು. ಇನ್ನು ಉತ್ತರ ಹೇಳುವವನೇ ಇಲ್ಲ.

*

ಶಿಗೆಕಿಯ ಮಗಳು ಜಪಾನಿನಿಂದ ಬರಬೇಕಾಗಿದ್ದುದರಿಂದ ದಹನವನ್ನು ನಾಲ್ಕನೆಯ ದಿನಕ್ಕೆ ಇಟ್ಟರು. ಮೂರು ಸಂಜೆ ಭಿಕ್ಷುಗಳು ಬಂದು ಸೂತ್ರ ಪಠಿಸಿದರು. ನಾಲ್ಕನೆಯ ದಿನ ಊಟ ಮುಗಿಸಿದ ಜನ ವಿಹಾರದ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಮೆಕಾಂಗ್ ನದಿಯ ಕಡೆಯಿಂದ ಗಾಳಿ ಬರುತ್ತಿತ್ತು. ಶವಪೆಟ್ಟಿಗೆಯ ಮುಂದಿಟ್ಟ ಪಟ ಹಳೆಯದು. ಅದರಲ್ಲಿ ನಗುಮೊ ಶಿಗೆಕಿಗೆ ಮೂವತ್ತರ ಪ್ರಾಯ. ಬಲಗೈ ಮೇಲೆತ್ತಿದ್ದಾನೆ, ಹಿಂದೆ ಸಾವಿರಾರು ದೀಪ.

“ಆಗೆಲ್ಲ ಹೊಸ ವರ್ಷದ ಹಿಂದಿನ ದಿನ ಇವನ ಕಾಳಗ ನೋಡೋಕೆ ಅವರ ದೇಶವೇ ಟೀವಿ ಮುಂದೆ ಕೂತಿರ್ತಿತ್ತಂತೆ,” ಎಂದ ಕಂಪೊನ್. ನಲವತ್ತು ದಾಟಿದ ಅವನು ಗುರುಗಳ ಹಿರಿಯ ಶಿಷ್ಯ. “ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ. ಅಂಥವನು ನಮ್ಮೂರಿಗೆ ಬಂದು ಈರುಳ್ಳಿ ಹೆಚ್ಚಿದ.”

“ಹೆಚ್ಚಿದ್ದೆಲ್ಲಿ? ಈರುಳ್ಳಿ ಜೊತೆಗೂ ಗುದ್ದಾಡೋನು,” ಎಂದಳು ಮೀನು ಮಾರುವ ಬುನ್ಮಿ. “ಒಂದು ಬಟ್ಟಲು ನೂಡಲ್ ಕೇಳಿದ್ರೆ ಎರಡರಷ್ಟು ತುಂಬೋನು. ಅಂಗಡಿ ಮುಳುಗಿಸ್ತೀಯಾ ಅಂತ ಲಮ್ದುವಾನ್ ಬೈದ್ರೆ, ಏನೂ ಅರ್ಥವಾಗದವನ ಹಾಗೆ ಕೈ ಮುಗಿದು ನಿಲ್ಲೋನು.”

“ಬೈಗುಳ ಬಂದಾಗ ಮಾತ್ರ ಅವನಿಗೆ ನಮ್ಮ ಭಾಷೆ ಮರೆತುಹೋಗ್ತಿತ್ತು,” ಎಂದ ಕಂಪೊನ್.

ಜನ ನಕ್ಕರು. ಗುರುಗಳು ನಗಲಿಲ್ಲ. ಅವರ ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಸಿಂಬಿ ಇತ್ತು. ಹುರಿ ಹೊಸೆದು, ಮಂತ್ರಿಸಿ, ಹಿಂದೆ ಜಡೆಯಂತೆ ಬಾಲ ಬಿಟ್ಟ ಆ ಸಿಂಬಿ ಅವರಿಗೆ ಅವರ ಗುರುಗಳಿಂದ ಬಂದದ್ದು. ಆ ಅಖಾಡದವರು ಯಾವ ಕಾಳಗಕ್ಕೆ ಹೋದರೂ ಅದನ್ನು ತಲೆಯ ಮೇಲಿಟ್ಟುಕೊಂಡೇ ಕಣ ಏರಬೇಕು, ನಾಲ್ಕು ಮೂಲೆಗೂ ನಮಸ್ಕರಿಸಬೇಕು. ಆಮೇಲೆ ಗುರು ಕಿವಿಯಲ್ಲಿ ಹರಸಿ ಸಿಂಬಿ ತೆಗೆಯಬೇಕು. ಗುರು ತೆಗೆಯುವ ತನಕ ಕಾಳಗವಿಲ್ಲ. ಅದು ನೆಲ ಮುಟ್ಟಬಾರದು, ಹೆಂಗಸರ ಕೈಗೆ ಹೋಗಬಾರದು, ಹೆಣದ ಹತ್ತಿರ ಸುಳಿಯಬಾರದು.

“ಗುರುಗಳೇ, ಅದನ್ನ ಇಲ್ಲಿಗೆ ಯಾಕೆ ತಂದ್ರಿ?” ಎಂದು ಕಂಪೊನ್ ತಗ್ಗಿದ ದನಿಯಲ್ಲಿ ಕೇಳಿದ. “ಇಲ್ಲಿ ಮೈಲಿಗೆ ತಗುಲಿದ್ರೆ ನಾಳೆ ಯಾರು ತಲೆಗೆ ಇಟ್ಕೋತಾರೆ?”

ಅಷ್ಟರಲ್ಲಿ ಲಮ್ದುವಾನ್ ಒಬ್ಬ ಹುಡುಗಿಯನ್ನು ಕರೆತಂದಳು. ಕಪ್ಪು ಉಡುಪು, ಅಪ್ಪನದೇ ಅಗಲ ಹಣೆ. ಹೆಸರು ಚಿಹಾಯ. ಲಮ್ದುವಾನ್ ಒಂದು ಕಾಲದಲ್ಲಿ ಜಪಾನಿನ ವಸತಿಗೃಹದಲ್ಲಿ ಪಾತ್ರೆ ತೊಳೆದವಳು. ಇಬ್ಬರ ನಡುವೆ ಮಾತು ದಾಟಿಸಲು ಅವಳೇ ಕುಳಿತಳು.

ಹುಡುಗಿ ಬಾಗಿ ವಂದಿಸಿದಳು. ಕುಶಲ ಕೇಳಲಿಲ್ಲ.

“ಆವತ್ತು ಅಪ್ಪನ ತಲೆಯಿಂದ ಅದನ್ನ ತೆಗೆಯದೆ ಇದ್ದವರು ನೀವೇನಾ?”

“ನಾನೇ, ತಾಯಿ.”

“ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಆಗ ನನಗೆ ಹನ್ನೆರಡು ವರ್ಷ. ಅಪ್ಪ ಗೆದ್ದು ನಮ್ಮ ಜೊತೆ ವಾಪಸ್ ಬರ್ತಾರೆ ಅಂತ ಅಮ್ಮ ಹೇಳಿದ್ಲು. ಅಪ್ಪ ಬರಲೇ ಇಲ್ಲ. ಆಮೇಲೆ ಫೋನಿನಲ್ಲಿ ಎಷ್ಟು ಕೇಳಿದ್ರೂ ಆ ಮಾತು ಮಾತ್ರ ಆಡ್ತಿರಲಿಲ್ಲ. ನೀವಾದ್ರೂ ಹೇಳಿ, ಯಾಕೆ ತೆಗೀಲಿಲ್ಲ?”

*

ಶಿಗೆಕಿ ಮೊದಲು ಬಂದದ್ದು ಮೂರೇ ತಿಂಗಳಿಗೆಂದು. ಮೂವತ್ತೆಂಟು ವರ್ಷ, ತನ್ನ ದೇಶದಲ್ಲಿ ಸಾಲಾಗಿ ಐದು ಸೋಲು. ಹೊರಗೆ ಒಂದು ದೊಡ್ಡ ಕಾಳಗ ಗೆದ್ದರೆ ಮತ್ತೆ ಕರೆಯುತ್ತಾರೆ ಎಂಬ ನಂಬಿಕೆ. ಮುಂಜಾನೆ ನದಿಯ ದಂಡೆಯಲ್ಲಿ ಓಡುವಾಗ ತನ್ನ ಅರ್ಧ ವಯಸ್ಸಿನವರನ್ನು ಹಿಂದೆ ಹಾಕುತ್ತಿದ್ದ. ನಾಲ್ಕು ಮೂಲೆಯ ನಮಸ್ಕಾರವನ್ನು ಹಸುಳೆಯಂತೆ ಕಲಿತ.

ಆ ಕಾಳಗದ ಸಂಜೆ ಅವನ ದೇಶದ ವ್ಯವಸ್ಥಾಪಕರು ಬಂದು ಮುಂದೆ ಕುಳಿತಿದ್ದರು. ವಾದ್ಯ ಶುರುವಾಯಿತು. ಶಿಗೆಕಿ ಮೊದಲ ಮೂಲೆಗೆ ನಮಸ್ಕರಿಸಿದ, ಎರಡನೆಯದಕ್ಕೆ ನಮಸ್ಕರಿಸಿದ. ತಿರುಗಿ ಮತ್ತೆ ಎರಡನೆಯದಕ್ಕೇ ಬಂದು ಹಣೆ ಒತ್ತಿದ. ಎಂಥ ಭಕ್ತಿ ಎಂದು ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ಸುತ್ತು ಹಾಕಿ ಅಲ್ಲಿಗೇ ಬಂದ. ಆಮೇಲೆ ಗುರುಗಳ ಕಡೆ ನೋಡಿದ. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ನೋಟ ಅದು.

ತನ್ನ ಮೂಲೆಗೆ ಬಂದು ತಲೆ ಬಾಗಿಸಿದ. ಗುರುಗಳು ಎರಡು ಕೈಯನ್ನೂ ಸಿಂಬಿಯ ಮೇಲಿಟ್ಟರು. ಹರಕೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಸಿಂಬಿ ತೆಗೆಯಲಿಲ್ಲ. ಹೆಗಲು ಹಿಡಿದು ಅವನನ್ನು ಕಣದಿಂದ ಇಳಿಸಿಕೊಂಡು ಹೊರಟರು. ಜನ ಕೂಗಿದರು, ಯಾರೋ ನೀರಿನ ಬಾಟಲಿ ಎಸೆದರು. ಒಳಗೆ ಹೋದ ಮೇಲೆ ಗುರುಗಳು ಹರಸದೆಯೇ ಸಿಂಬಿ ಎತ್ತಿಕೊಂಡರು. ಆಮೇಲೆ ಅವನಿಗೆ ಯಾರೂ ಕಾಳಗ ಕೊಡಲಿಲ್ಲ. ದೇಶಕ್ಕೆ ಮರಳಲು ಮುಖವಿಲ್ಲದೆ ಲಮ್ದುವಾನಳ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಮೂರು ತಿಂಗಳು ಗುರುಗಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ತಿಂಗಳು ಒಂದು ಬೆಳಗ್ಗೆ ಬಿಸಿ ನೂಡಲಿನ ಬಟ್ಟಲು ತಂದು ಅವರ ಮುಂದಿಟ್ಟು, “ಉಪ್ಪು ಸರಿಯಿದೆಯಾ ನೋಡಿ,” ಎಂದಿದ್ದ. ಅಷ್ಟೇ.

*

“ಕಣದಲ್ಲೇ ದಾರಿ ತಪ್ಪಿದವನನ್ನ ಹೊಡೆಸಿಕೊಳ್ಳೋಕೆ ಕಳಿಸೋ ಧೈರ್ಯ ನನಗೆ ಬರಲಿಲ್ಲ,” ಎಂದರು ಗುರುಗಳು. “ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ತಾಯಿ. ಅವನ ಹೆಸರು ಹೋಯ್ತು. ನಿನಗೆ ಅಪ್ಪ ಸಿಗಲಿಲ್ಲ. ಅವನು ನನ್ನನ್ನ ಕ್ಷಮಿಸಿದನೋ ಇಲ್ಲವೋ, ಅದೂ ಗೊತ್ತಿಲ್ಲ.”

ಲಮ್ದುವಾನ್ ಈ ಮಾತನ್ನು ದಾಟಿಸಲಿಲ್ಲ. ಮಡಿಲಿನ ಬಟ್ಟೆಯ ಅಂಚು ತಿರುವುತ್ತ ಕುಳಿತಳು.

“ಹೇಳಬೇಡ ಅಂದಿದ್ದ,” ಎಂದಳು ಕೊನೆಗೆ. “ಈಗ ಹೇಳದಿದ್ರೆ ನನ್ನ ಜೊತೇಲೇ ಹೋಗುತ್ತೆ. ಆವತ್ತು ಅವನಿಗೆ ನೆಲವೇ ವಾಲ್ತಾ ಇತ್ತಂತೆ. ಎದುರಾಳಿ ಮುಖ ಎರಡೆರಡು ಕಾಣ್ತಿತ್ತಂತೆ. ‘ಗುರುಗಳು ತೆಗೆದಿದ್ರೆ ನಾನು ಹೋಗಿಬಿಡ್ತಿದ್ದೆ, ಬೇಡ ಅನ್ನೋಕೆ ನನಗೆ ಬಾಯಿ ಬರ್ತಿರಲಿಲ್ಲ’ ಅಂತಿದ್ದ. ಅವರಿಗೆ ಹೇಳೋ ಅಂದೆ. ‘ಬೇಡ, ಮುದುಕನಿಗೆ ಜಂಬ ಬರುತ್ತೆ’ ಅಂದ.”

ಗುರುಗಳ ಮಾತನ್ನೂ ಇದನ್ನೂ ಅವಳು ಹುಡುಗಿಗೆ ಅವಳ ಭಾಷೆಯಲ್ಲಿ ಹೇಳಿದಳು. ಚಿಹಾಯ ಪಟದ ಕಡೆ ನೋಡಿದಳು. ಆಮೇಲೆ ಗುರುಗಳ ತೊಡೆಯ ಮೇಲಿನ ಬಿಳಿ ಗಂಟಿನ ಕಡೆ ತಿರುಗಿದಳು.

“ಹಾಗಾದ್ರೆ ಈಗ ತೆಗೀರಿ,” ಎಂದಳು.

ಪೆಟ್ಟಿಗೆಯನ್ನು ಚಿತಾಗೃಹಕ್ಕೆ ಮೂರು ಸುತ್ತು ತಂದರು. ಮುಂದೆ ಭಿಕ್ಷುಗಳು ಬಿಳಿ ದಾರ ಹಿಡಿದು ನಡೆದರು. ಹಿಂದೆ ಹುಡುಗಿ ಅಪ್ಪನ ಪಟ ಹಿಡಿದಿದ್ದಳು. ಮೆಟ್ಟಿಲ ಮೇಲೆ ಕೊನೆಯ ದರ್ಶನಕ್ಕೆಂದು ಮುಚ್ಚಳ ತೆರೆದರು. ಕಂಪೊನ್ ಎಳನೀರು ಒಡೆದು ಕೊಟ್ಟ. ಗುರುಗಳು ಅದರಿಂದ ಶಿಗೆಕಿಯ ಮುಖ ತೊಳೆದರು. ಮುರಿದು ಕೂಡಿದ್ದ ಮೂಗು, ಹೊಲಿಗೆ ಬಿದ್ದ ಹುಬ್ಬು, ಎಲ್ಲದರ ಮೇಲೂ ನೀರು ಹರಿಯಿತು. ಆಮೇಲೆ ಬಟ್ಟೆ ಬಿಚ್ಚಿ ಸಿಂಬಿಯನ್ನು ಅವನ ತಲೆಗೆ ಇಟ್ಟರು.

“ಗುರುಗಳೇ,” ಎಂದ ಕಂಪೊನ್. ಆಮೇಲೆ ಕೈ ಮುಗಿದ.

ಗುರುಗಳು ಬಗ್ಗಿ ಕಿವಿಯ ಹತ್ತಿರ ಬಾಯಿ ತಂದರು. ಹನ್ನೊಂದು ವರ್ಷದ ಹಿಂದೆ ನುಂಗಿದ್ದ ಹರಕೆಯನ್ನು ಒಂದೂ ಅಕ್ಷರ ಬಿಡದೆ ಹೇಳಿದರು. ಎರಡೂ ಕೈಯಿಂದ ಸಿಂಬಿ ತೆಗೆದರು. ಒದ್ದೆ ಹಣೆಯ ಮೇಲೆ ಅದರ ಅಚ್ಚು ತೆಳುವಾಗಿ ಉಳಿದಿತ್ತು.

ಇನ್ನು ಅದನ್ನು ಅಖಾಡಕ್ಕೆ ಒಯ್ಯುವಂತಿರಲಿಲ್ಲ. ಗುರುಗಳು ಅದನ್ನು ಚಿಹಾಯಳ ಕೈಗೆ ಕೊಟ್ಟರು. ಯಾರೂ ತಡೆಯಲಿಲ್ಲ. ಜನ ಒಬ್ಬೊಬ್ಬರಾಗಿ ಗಂಧದ ಚಕ್ಕೆಯಿಂದ ಮಾಡಿದ ಹೂವಿಟ್ಟು ಇಳಿದರು. ಕೊನೆಯಲ್ಲಿ ಹುಡುಗಿ ಅಪ್ಪನಿಗೆ ಮೊಣಕಾಲೂರಿ ನಮಸ್ಕರಿಸಿದಳು. ಹಣೆ ನೆಲ ಮುಟ್ಟಿತು, ಎಡಗೈ ನೆಲ ಮುಟ್ಟಿತು. ಸಿಂಬಿ ಹಿಡಿದ ಬಲಗೈ ಮಾತ್ರ ನೆಟ್ಟಗೆ ಮೇಲೆಯೇ ಇತ್ತು. ಅದು ನೆಲ ಮುಟ್ಟಬಾರದೆಂದು ಇಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಯಾವಾಗಲೋ ಫೋನಿನಲ್ಲಿ ಅಪ್ಪನೇ ಹೇಳಿರಬೇಕು.

ಹೊಗೆ ಏಳತೊಡಗಿತು. ಗುರುಗಳು ಕಣ್ಣು ಮುಚ್ಚಿದರು.

“ಅವನು ಹೋಗುವ ದಾರಿ ತಂಪಾಗಿರಲಿ. ನಾಲ್ಕು ದಿಕ್ಕೂ ಅವನಿಗೆ ತಿಳಿಯಾಗಿ ಕಾಣಲಿ. ಆ ಮೈಗೆ ಇನ್ನು ಪೆಟ್ಟು ಬೀಳದಿರಲಿ. ಅವನು ಶಾಂತಿಯಿಂದಿರಲಿ.”