ಇಂಚಿಗಿಷ್ಟು

ಬೀದಿಯ ತುದಿಯ ದರ್ಜಿಯ ಹೊಟ್ಟೆ ಅಂತಿಂಥ ಹೊಟ್ಟೆಯಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ ಮೊದಲು ಅದು ಒಳಗೆ ಹೋಗಿ, ದೀಪ ಹಾಕಿ, ಆಮೇಲೆ ಯಜಮಾನನನ್ನು ಕರೆಯುತ್ತಿತ್ತು. ಕುರ್ಚಿ ವರ್ಷವರ್ಷಕ್ಕೆ ಯಂತ್ರದಿಂದ ಹಿಂದೆ ಹಿಂದೆ ಸರಿದು, ಕೊನೆಗೆ ಸೂಜಿಗೆ ದಾರ ಪೋಣಿಸಲು ಹೆಂಡತಿಯೇ ಆಚೆ ಕಡೆಯಿಂದ ಬರಬೇಕಾಯಿತು. ಅದಕ್ಕೆಲ್ಲ ದರ್ಜಿ ಕ್ಯಾರೇ ಅಂದವನಲ್ಲ.

ಕ್ಯಾರೇ ಅನ್ನಿಸಿದವಳು ಮಗಳು. ಮದುವೆ ಗೊತ್ತಾದ ದಿನವೇ ಪೆಟ್ಟಿಗೆಯ ತಳದಿಂದ ಅಪ್ಪನ ಬೂದು ಕೋಟು ತೆಗೆದಳು. ಅವನು ತನ್ನ ಮದುವೆಗೆ ತಾನೇ ಕತ್ತರಿಸಿ ಹೊಲಿದ ಕೋಟು. ಅದನ್ನು ನೋಡಿಯೇ ಅತ್ತೆ ಹೆಣ್ಣು ಕೊಟ್ಟರು ಎಂದು ಅವನು ಹೇಳಿಕೊಳ್ಳುತ್ತಿದ್ದ.

“ಅಪ್ಪಾ, ನನ್ನ ಮದ್ವೆಗೆ ನೀನು ಇದನ್ನೇ ಹಾಕ್ಕೋಬೇಕು. ನಂಗೆ ಇನ್ನೇನೂ ಬೇಡ.”

ದರ್ಜಿ ತೋಳು ತೂರಿಸಿದ. ಗುಂಡಿಯೂ ಕಾಜವೂ ಮುನಿಸಿಕೊಂಡ ಬೀಗರ ಹಾಗೆ ಮೊಳ ದೂರ ನಿಂತವು.

“ಒಳಗೆ ಬಟ್ಟೆ ಬಿಟ್ಟಿದ್ರೆ ಬಿಚ್ಚಿ ಅಗಲ ಮಾಡ್ಬೋದಿತ್ತು,” ಎಂದಳು ಹೆಂಡತಿ, ಅಂಚು ಮಗುಚಿ ನೋಡುತ್ತಾ. “ನೂಲೆಳೆಯಷ್ಟೂ ಬಿಟ್ಟಿಲ್ಲ. ಆಗ್ಲೂ ಇಷ್ಟೇ ಜಿಪುಣ ನೀವು.”

ಕೋಟು ಹಿಗ್ಗದಿದ್ದರೆ ದರ್ಜಿಯೇ ಕುಗ್ಗಬೇಕು. ಎದುರು ಕಟ್ಟಡದ ವ್ಯಾಯಾಮ ಶಾಲೆಯಿಂದ ಒಬ್ಬ ಟ್ರೈನರನ್ನು ಕರೆಸಿದರು. ಅವನ ಭುಜಗಳೋ, ಬಾಗಿಲಲ್ಲಿ ಓರೆಯಾಗಿ ತಿರುಗದೆ ಒಳಗೆ ಹಿಡಿಯುತ್ತಿರಲಿಲ್ಲ. ಅವನು ತಿಂಗಳ ಸಂಬಳ ಹೇಳಿದಾಗ ದರ್ಜಿಗೆ ಅರ್ಧ ಹೊಟ್ಟೆ ಅಲ್ಲೇ ಕರಗಿತು.

“ತಿಂಗಳ ಲೆಕ್ಕ ಯಾಕಪ್ಪಾ? ನಾನು ಹೊಲಿದಷ್ಟಕ್ಕೆ ಇಸ್ಕೊಳ್ಳೋನು. ನೀನು ಕರಗಿಸಿದಷ್ಟಕ್ಕೆ ಇಸ್ಕೋ. ಇಂಚಿಗಿಷ್ಟು.”

ಟ್ರೈನರ್ ನಕ್ಕ. “ಆಗ್ಲಿ ಮಾವ. ಆಮೇಲೆ ಬಿಲ್ ನೋಡಿ ಅಳಬಾರ್ದು.”

“ಅಳತೆ ಮಾತ್ರ ನಾನೇ ತಗೋಳೋದು. ದರ್ಜಿ ಸೊಂಟಕ್ಕೆ ಇನ್ನೊಬ್ಬ ಟೇಪು ಹಿಡಿದ್ರೆ ಮರ್ಯಾದೆ ಏನುಳೀತು?”

ಮರ್ಯಾದೆಯಂತೆ, ಮರ್ಯಾದೆ! ಗೋಡೆಯ ಮೊಳೆಯಲ್ಲಿ ಅವನ ಅಪ್ಪನ ಕಾಲದ ಬಟ್ಟೆಯ ಟೇಪೊಂದು ನೇತಾಡುತ್ತಿತ್ತು. ಊರಿನ ಸೊಂಟಗಳನ್ನೆಲ್ಲ ಸುತ್ತಿ, ಎಳೆಸಿಕೊಂಡು ಹಿಗ್ಗಿ ಹೋಗಿತ್ತು. ಅದರಲ್ಲಿ ಆನೆಯನ್ನು ಅಳೆದರೆ ಆಡಿನ ಲೆಕ್ಕ ಬರುತ್ತಿತ್ತು. ಮೊದಲ ಅಳತೆಯನ್ನು ದರ್ಜಿ ಅದರಲ್ಲಿ ತೆಗೆದ. ಸೊಂಟ ಇದ್ದದ್ದಕ್ಕಿಂತ ಸಣ್ಣದಾಗಿ ಬಂತು. ಮುಂದಿನ ಅಳತೆಗಳಿಗೆಲ್ಲ ಹೊಸ ಟೇಪು, ಸುಳ್ಳು ಹೇಳದ ಟೇಪು. ಎಷ್ಟು ಕರಗಿದರೂ ಆ ಮೊದಲ ಅಂಕಿಗಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ದೇಹವೂ ಇಳಿಯಬೇಕು, ದುಡ್ಡೂ ಉಳಿಯಬೇಕು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲು ಕೂತಿತು.

ಆದರೆ ಟ್ರೈನರ್ ಸೋಲೊಪ್ಪುವ ಜಾತಿಯವನಾಗಿರಲಿಲ್ಲ. ವಾರವಾರವೂ ದರ್ಜಿ ಟೇಪು ಸುತ್ತಿ, ಮುಖ ಸಪ್ಪೆ ಮಾಡಿ, “ಏನೂ ಇಳಿದಿಲ್ಲಪ್ಪಾ,” ಅನ್ನುವುದು. ಅವನು ಹಲ್ಲು ಕಚ್ಚಿ, “ಹಾಗಾದ್ರೆ ಇನ್ನೂ ಓಡ್ಬೇಕು ಮಾವ,” ಅನ್ನುವುದು. ಅವನು ಓಡಿಸಿದ ಓಟಕ್ಕೆ ಬೀದಿಯ ನಾಯಿಗಳೇ ಬೆನ್ನಟ್ಟಿ ಸಾಕಾಗಿ, ಕೊನೆಗೆ ಕುಳಿತು ನೋಡತೊಡಗಿದವು. ಒಂದೊಂದು ಸುಳ್ಳಿಗೂ ದರ್ಜಿಯ ಬೆವರಿನಲ್ಲೇ ದಂಡ. ನಿಜ ಹೇಳಿದರೆ ದುಡ್ಡು ಹೋಗುತ್ತದೆ, ಸುಳ್ಳು ಹೇಳಿದರೆ ಜೀವ ಹೋಗುತ್ತದೆ. ದರ್ಜಿ ಜೀವವನ್ನೇ ಅಗ್ಗವೆಂದು ಎಣಿಸಿದ.

ಮದುವೆಗೆ ವಾರವಿರುವಾಗ ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ ಕೋಟು ತೊಟ್ಟ. ಗುಂಡಿ ಕಾಜದೊಳಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು! ಕನ್ನಡಿಯ ಮುಂದೆ ತಿರುಗಿದ, ಮತ್ತೆ ತಿರುಗಿದ. ಮೂರನೆಯ ಸುತ್ತಿನಲ್ಲಿ ಥಟ್ಟನೆ ನಿಂತ. ಮದುವೆಗೆ ಟ್ರೈನರೂ ಬರುತ್ತಾನೆ. ಮಗಳೇ ಕರೆದಿದ್ದಾಳೆ. ಒಂದಿಂಚೂ ಇಳಿಯದ ಮನುಷ್ಯ ಈ ಕೋಟಿನೊಳಗೆ ಹೇಗೆ ಬಂದ ಎಂದು ಅವನು ಕೇಳದೇ ಇರುತ್ತಾನೆಯೇ?

ಬುದ್ಧಿ ಇದ್ದವನು ಆಗಲೇ ಹೋಗಿ ನಿಜ ಹೇಳುತ್ತಿದ್ದ. ದರ್ಜಿಗೆ ಇದ್ದದ್ದು ಯಂತ್ರ. ಕೋಟಿನ ಪಕ್ಕವನ್ನು ಅದರ ಕೆಳಗಿಟ್ಟು ಒಳಸೇರಿಸಿ ಟರ್ರನೆ ಹೊಲಿಯತೊಡಗಿದ. ಕೋಟು ಬಿಗಿಯಾಗಲಿ, ಗುಂಡಿ ಹಾಕಲು ಬಾರದಿರಲಿ, “ಹಿಡೀಲಿಲ್ಲ ಮಗಳೇ” ಅಂದರೆ ಮುಗಿಯಿತು. ಲೋಕದಲ್ಲಿ ತನ್ನ ಕೋಟನ್ನೇ ತನಗಾಗದ ಹಾಗೆ ಹೊಲಿದ ದರ್ಜಿ ಇವನೊಬ್ಬನೇ.

“ಏನ್ರೀ ಅದು?” ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಸ್ವಲ್ಪ ಸಡಿಲ ಆಗಿತ್ತು...”

“ಸಡಿಲ ಆದ್ರೆ ನೆಟ್ಟಗೆ ಹೊಲೀತಾರೆ. ಹೀಗೆ ಕಳ್ಳನ ಹಾಗೆ ಬೆನ್ನು ಬಗ್ಗಿಸಿ ಹೊಲಿಯಲ್ಲ.”

ಅಷ್ಟರಲ್ಲಿ ಟ್ರೈನರ್ ಬಂದ. ಆ ಭುಜಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಈ ಸಲ ಬಾಗಿಲಲ್ಲಿ ಓರೆಯಾಗದೆ ನೇರವಾಗಿಯೇ ಬಂದ.

“ಮಾವ, ನಾಳೆಯಿಂದ ಬರಲ್ಲ. ಇಷ್ಟು ದಿನ ಓಡಿಸಿದ್ರೂ ಒಂದಿಂಚು ತೆಗೆಯೋಕಾಗ್ಲಿಲ್ಲ. ಈ ಕೆಲಸ ನಂಗೆ ಬರಲ್ಲ ಅಂತ ಗೊತ್ತಾಯ್ತು. ವ್ಯಾಯಾಮ ಶಾಲೆಯಲ್ಲೂ ಹೇಳಿ ಬಂದೆ, ಬಿಟ್ಬಿಡ್ತೀನಿ. ಮಗಳ ಮದ್ವೇಲಿ ನಿಮ್ಮ ಮಾನ ಕಳೆದೆ, ತಪ್ಪಾಯ್ತು.”

ಓಡುವಾಗ ಬಾರದ ಏದುಸಿರು ದರ್ಜಿಗೆ ಕೂತಲ್ಲೇ ಬಂತು. ಹೆಂಡತಿ ಅವನ ಮುಖ ನೋಡಿದಳು, ಕೋಟು ನೋಡಿದಳು, ಮೊಳೆಯ ಮೇಲಿನ ಹಳೇ ಟೇಪು ನೋಡಿದಳು. ಇಷ್ಟು ವರ್ಷ ಒಂದೇ ಯಂತ್ರದ ಎರಡು ಕಡೆ ಕೂತವಳಿಗೆ ಬಿಡಿಸಿ ಹೇಳಬೇಕೇ?

“ನೀವು ಹೇಳ್ತೀರೋ, ನಾನು ಹೇಳ್ಲೋ?”

ದರ್ಜಿ ಎದ್ದು ಹಳೇ ಟೇಪು ಇಳಿಸಿ ಟ್ರೈನರನ ಕೈಗೆ ಕೊಟ್ಟ. “ಇದ್ರಲ್ಲೇ ಅಳತೆ ತೆಗಿಯಪ್ಪಾ. ಶುರುವಿನ ಅಳತೆ ಇದ್ರದ್ದು. ಕೊನೇದೂ ಇದ್ರದ್ದೇ ಆಗ್ಲಿ.”

ಟ್ರೈನರ್ ಸುತ್ತಿದ. ನೋಡಿದ. ಮತ್ತೊಮ್ಮೆ ಸುತ್ತಿದ. ನಿಧಾನಕ್ಕೆ ಆ ಭುಜಗಳು ಮೇಲೆದ್ದು ಅಂಗಡಿಯ ಬೆಳಕನ್ನೆಲ್ಲ ಮುಚ್ಚಿದವು. ಹೊಡೆಯುತ್ತಾನೆಂದು ದರ್ಜಿ ಕಣ್ಣು ಮುಚ್ಚಿದ. ಟ್ರೈನರ್ ಅವನನ್ನು ಹೊಟ್ಟೆ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದ.

“ಮಾವ, ನಂಗೆ ಕೆಲಸ ಬರುತ್ತೆ!”

“ಬರುತ್ತಪ್ಪಾ, ಕೆಳಗಿಳ್ಸು!”

“ಇಳಿಸ್ತೀನಿ. ಇಂಚಿಗೆಷ್ಟು ಅಂದಿದ್ರಿ?”

ದರ್ಜಿ ಕೊಟ್ಟ. ಕಣ್ಣಲ್ಲಿ ನೀರು ಹಾಕಿಕೊಂಡೇ, ಇಂಚಿಂಚಿಗೂ ಕೊಟ್ಟ. ಮೇಲೆ ಆ ಭುಜಗಳಿಗೆ ಹಿಡಿಯುವ ಅಂಗಿಯೊಂದನ್ನೂ ಹೊಲಿದ. ಅದಕ್ಕೆ ಹೋದ ಬಟ್ಟೆಯಲ್ಲಿ ಹಾಯಿ ಹಡಗೊಂದು ಸಮುದ್ರ ದಾಟಬಹುದಿತ್ತು.

ಮದುವೆಯ ದಿನ ಬೂದು ಕೋಟು ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತು. ಕಳ್ಳ ಹೊಲಿಗೆಯನ್ನು ಬಿಚ್ಚಿದ್ದನಾದರೂ ಹಳೇ ಬಟ್ಟೆ ಸೂಜಿಯ ತೂತುಗಳನ್ನು ಮರೆತಿರಲಿಲ್ಲ. ಅಪ್ಪಿಕೊಂಡ ಮಗಳ ಬೆರಳಿಗೆ ಪಕ್ಕದಲ್ಲೊಂದು ಚುಕ್ಕಿಗಳ ಸಾಲು ಸಿಕ್ಕಿತು.

“ಅಪ್ಪಾ, ಇದೇನು ಗೆರೆ?”

ದರ್ಜಿ ಕೆಮ್ಮಿದ. ಹೆಂಡತಿ ಕೋಟಿನ ಕಾಲರು ಸರಿಮಾಡುತ್ತಾ ಹೇಳಿದಳು:

“ಅದಾ? ನಿಮ್ಮಪ್ಪನ ಉಳಿತಾಯ.”